ಪದ್ಮಿನಿಯ ಕೀಬೋರ್ಡ್

ಸ್ವೀಡನ್ನಿನ ಉತ್ತರದಲ್ಲಿರುವ ಲುಲೆಯೊ ಊರಿನ ಒಂದು ದಾಗಿಸ್‌ನಲ್ಲಿ ಪದ್ಮಿನಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ದಾಗಿಸ್ ಎಂದರೆ ನಮ್ಮ ಅಂಗನವಾಡಿಯ ಅನುಕೂಲಸ್ಥ ತಂಗಿ ಎನ್ನಿ. ಚಳಿಗಾಲದಲ್ಲಿ ಅಲ್ಲಿನ ಮಕ್ಕಳಿಗೆಲ್ಲ ದಪ್ಪ ಉಡುಪು, ಬೂಟು, ಟೊಪ್ಪಿಗೆ, ಕೈಗವಸು ತೊಡಿಸಿ ಸಾಲಾಗಿ ನಿಲ್ಲಿಸುವಷ್ಟರಲ್ಲಿ, ಮೊದಲು ತೊಡಿಸಿದ ಮಗುವಿಗೆ ಒಂದಕ್ಕೆ ಬಂದಿರುತ್ತದೆ. ಮತ್ತೆ ಬಿಚ್ಚು, ಮತ್ತೆ ತೊಡಿಸು. ಈ ಕೆಲಸದಲ್ಲಿ ಸಹನೆ ಕಲಿತವರನ್ನು ಭೂಮಿಯ ಮೇಲಿನ ಯಾವ ಕಚೇರಿಯೂ ಹೆದರಿಸಲಾರದು. ಪದ್ಮಿನಿಗೆ ಆ ಸಹನೆ ಬೇಕಾಗಿಯೂ ಬಂತು. ಯಾಕೆಂದರೆ ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಈ ರಾಣೆಬೆನ್ನೂರಿನ ಹೆಂಗಸು ಕಳೆದ ಅಕ್ಟೋಬರಿನಲ್ಲಿ ತನ್ನ ಬೇಟೆಯ ರೈಫಲ್ ಹಿಡಿದುಕೊಂಡು ವಿಮಾನದಲ್ಲಿ ಸ್ಕಾಟ್ಲೆಂಡಿಗೆ ಹೊರಟಳು.

ಹುಬ್ಬೇರಿಸಬೇಡಿ. ಲುಲೆಯೊದಲ್ಲಿ ಸೆಪ್ಟೆಂಬರ್ ಬಂತೆಂದರೆ ಅರ್ಧ ಊರು ಕಾಡಿನಲ್ಲಿರುತ್ತದೆ. ದಾಗಿಸ್‌ಗೆ ಮಕ್ಕಳನ್ನು ಬಿಡಲು ಬರುವ ಅಪ್ಪಂದಿರು ವಾರಗಟ್ಟಲೆ ನಾಪತ್ತೆ. ಕುದುರೆಗಿಂತ ಎತ್ತರದ, ಮೊರದಗಲದ ಕೊಂಬಿನ ಮೂಸ್ ಎಂಬ ಪ್ರಾಣಿಯ ಹಿಂದೆ ಬಿದ್ದಿರುತ್ತಾರೆ. ಫಿಕಾ ಹೊತ್ತಿನಲ್ಲಿ ಕಾಫಿ ಕುಡಿಯುತ್ತ ಕೂತ ಟೀಚರುಗಳೂ ಅದನ್ನೇ ಮಾತಾಡುತ್ತಾರೆ. ಮೊದಲ ಕೆಲವು ವರ್ಷ ಪದ್ಮಿನಿ ಸುಮ್ಮನೆ ತಲೆದೂಗಿದಳು. ಆಮೇಲೊಂದು ದಿನ ಮೊಮ್ಮಗಳನ್ನು ಕರೆದೊಯ್ಯಲು ಬಂದ ಸಿಕ್ಸ್ಟೆನ್ ಎಂಬ ಮುದುಕನ ಹತ್ತಿರ ಬಾಯಿ ತಪ್ಪಿ, ಕಾಲೇಜಿನಲ್ಲಿ ತಾನು ಎನ್‌ಸಿಸಿಯಲ್ಲಿದ್ದೆ, ಗುರಿ ಹೊಡೆದು ಸ್ಟೀಲಿನ ತಟ್ಟೆ ಬಹುಮಾನ ತಂದಿದ್ದೆ ಎಂದುಬಿಟ್ಟಳು. ಸಿಕ್ಸ್ಟೆನ್ ಒಂದು ಬೇಟೆ ತಂಡದ ಯಜಮಾನ. ಅವನು ನಗಲಿಲ್ಲ. ‘ಭಾನುವಾರ ಬಾ, ನೋಡೋಣ’ ಎಂದ.

ನೋಡಿದ. ಪದ್ಮಿನಿಯೂ ನೋಡಿಕೊಂಡಳು. ಇಪ್ಪತ್ತು ವರ್ಷ ಮುಟ್ಟದಿದ್ದರೂ ಭುಜಕ್ಕೆ ಬಂದೂಕಿನ ನೆನಪಿತ್ತು. ಅಲ್ಲಿಂದ ಪ್ರತಿ ಭಾನುವಾರ ಪಾಠ, ಬೇಟೆಗಾರರ ಪರೀಕ್ಷೆ, ಪೊಲೀಸರ ಪರವಾನಗಿ, ಮನೆಯಲ್ಲೊಂದು ಉಕ್ಕಿನ ಬೀರು. ತಂಡದಲ್ಲಿ ಅವಳಿಗೆ ಸಿಕ್ಕ ಮರ್ಯಾದೆಯ ಗುಟ್ಟನ್ನೂ ಹೇಳಿಬಿಡುತ್ತೇನೆ. ಬೇಟೆಯಾದ ಮೇಲೆ ಮಾಂಸವನ್ನು ತಂಡದವರೆಲ್ಲ ಪಾಲು ಮಾಡಿಕೊಳ್ಳುತ್ತಾರೆ. ಪದ್ಮಿನಿ ತನ್ನ ಪಾಲನ್ನು ಯಾರಿಗಾದರೂ ಕೊಟ್ಟುಬಿಡುತ್ತಾಳೆ. ಹಾಗಾಗಿ ಹೆಂಡತಿಯ ಹುಟ್ಟುಹಬ್ಬ ಮರೆಯುವ ಗಂಡಸರು ಸಹ ಪದ್ಮಿನಿಯ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾರೆ.

ಆದರೆ ಅವಳು ಹೋಗುವುದು ಕೇಕಿಗಾಗಿ ಅಲ್ಲ. ಬೆಳಗಿನ ಕಾಡಿನಲ್ಲಿ, ತನಗೆ ಗೊತ್ತುಮಾಡಿದ ಜಾಗದಲ್ಲಿ, ಅಲುಗಾಡದೆ ಕೂತಾಗ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಟೀಚರೂ ಅಲ್ಲ. ಕಿವಿ ಇಷ್ಟು ಕೇಳಬಲ್ಲದು, ಕಣ್ಣು ಇಷ್ಟು ಕಾಣಬಲ್ಲದು ಎಂದು ಅವಳಿಗೆ ಗೊತ್ತಾದದ್ದೇ ಅಲ್ಲಿ. ಇಷ್ಟು ವರ್ಷದಲ್ಲಿ ಅವಳು ಕೆಡವಿದ್ದು ಒಂದೇ ಒಂದು ಮೂಸ್. ಅವತ್ತು ಅದರ ಪಕ್ಕದಲ್ಲಿ ಕೂತು ಅತ್ತಳು. ಅತ್ತು ಮುಗಿಸಿದ ಮೇಲೆ, ಒಂದೇ ಗುಂಡಿಗೆ ನೋವಿಲ್ಲದೆ ಹೋಯಿತಲ್ಲ ಎಂದು ಹೆಮ್ಮೆಪಟ್ಟಳು. ಎರಡೂ ನಿಜ. ಎರಡರಲ್ಲಿ ಒಂದನ್ನೂ ಅವಳು ಯಾವ ಕನ್ನಡದವರಿಗೂ ಹೇಳಿರಲಿಲ್ಲ.

ಹೇಳದಂತೆ ಮಾಡಿದ್ದು ಅವಳ ಗಂಡ ಸೋಮಶೇಖರ. ವಿಶ್ವವಿದ್ಯಾಲಯದಲ್ಲಿ ಅದಿರಿನ ಮೇಲೆ ಸಂಶೋಧನೆ ಮಾಡುವವನು. ಬಂಡೆ ಸಿಡಿಸುವ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೆ ಬೆಚ್ಚುತ್ತಾನೆ. ನಾಲ್ಕು ವರ್ಷದ ಹಿಂದೆ ಯುಗಾದಿ ಊಟದಲ್ಲಿ ಮೀರಾ ಎಂಬ ಗೆಳತಿ, ‘ಪದ್ಮಕ್ಕ, ಸಂಡೇ ಸಂಡೇ ಎಲ್ಲಿಗೆ ಹೋಗ್ತೀರಾ ನೀವು?’ ಎಂದು ಕೇಳಿದಳು. ಪದ್ಮಿನಿ ‘ಕ್ಲಾಸಿಗೆ’ ಎಂದಳು. ‘ಏನ್ ಕ್ಲಾಸು, ಮ್ಯೂಸಿಕ್ಕಾ?’ ಎಂದಳು ಮೀರಾ. ಸೋಮಶೇಖರ ಹೋಳಿಗೆ ಗಂಟಲಲ್ಲಿಟ್ಟುಕೊಂಡೇ ‘ಹೌದೌದು, ಕೀಬೋರ್ಡು’ ಎಂದುಬಿಟ್ಟ. ಲಿಂಗ ಕಟ್ಟಿದ ಮನೆಯ ಸೊಸೆ ಬಂದೂಕು ಹಿಡಿಯುತ್ತಾಳೆ ಎಂದು ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ ಎಂಬುದು ಅವನ ಹೆದರಿಕೆ. ಪದ್ಮಿನಿಯೂ ಸುಮ್ಮನಿದ್ದಳು. ಮೀರಾಳ ಸಂಸಾರ ಆಮೇಲೆ ಸ್ಟಾಕ್‌ಹೋಮಿನ ಕಿಸ್ಟಾಕ್ಕೆ ಹೋಯಿತು; ಕೀಬೋರ್ಡೂ ಅವರ ಜೊತೆ ಹೋಗಿ ಅಲ್ಲಿನ ಕನ್ನಡದವರಲ್ಲೆಲ್ಲ ಹೆಸರು ಮಾಡಿತು. ಒಬ್ಬರಂತೂ ‘ನಿಮ್ಮ ಕಲ್ಯಾಣಿ ರಾಗ ಬಹಳ ಚೆನ್ನಾಗಿ ಬರುತ್ತಂತಲ್ಲ’ ಎಂದು ಫೋನಿನಲ್ಲಿ ಹೊಗಳಿದರು.

ಇತ್ತ ಸಿಕ್ಸ್ಟೆನ್‌ಗೆ ವಯಸ್ಸಾಯಿತು. ಸೊಂಟ ಕೈಕೊಟ್ಟಿತು. ಅವನು ಸ್ಕಾಟ್ಲೆಂಡಿನಲ್ಲಿ ಮಗಳ ಮನೆಗೆ ಹೋಗಿ ಇದ್ದುಬಿಟ್ಟ. ಅಳಿಯ ಅಲ್ಲೊಂದು ದೊಡ್ಡ ಎಸ್ಟೇಟಿನ ಜಿಂಕೆಗಳ ಲೆಕ್ಕ ನೋಡುವವನು. ಹೊರಡುವಾಗ ತನ್ನ ಹಳೆಯ ರೈಫಲನ್ನು ಪದ್ಮಿನಿಗೇ ಮಾರಿದ. ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದ. ‘ಡಾಕ್ಟರು ನನ್ನ ಕಣ್ಣಿಗೆ ಇನ್ನು ಹೆಚ್ಚು ದಿನ ಕೊಟ್ಟಿಲ್ಲ. ಈ ಶರತ್ಕಾಲ ಕಾಣುತ್ತೆ, ಮುಂದಿನದು ಗೊತ್ತಿಲ್ಲ. ನೀನು ಆ ರೈಫಲ್ ತಗೊಂಡು ಬಾ. ಬೆಟ್ಟದ ಮೇಲೆ ಕುರ್ಚಿ ಹಾಕ್ಕೊಂಡು ಕೂತು ನೋಡ್ತೀನಿ. ಒಂದೇ ಒಂದು ಸಲ.’ ಪದ್ಮಿನಿ ಫೋನ್ ಇಟ್ಟವಳೇ ‘ರೀ, ನಾನು ಸ್ಕಾಟ್ಲೆಂಡಿಗೆ ಹೋಗ್ತೀನಿ’ ಎಂದು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿದಳು. ಸೋಮಶೇಖರ ಒಲೆ ಆರಿಸಿದ.

ಬಂದೂಕಿನ ವಿಷಯದಲ್ಲಿ ಸ್ವೀಡನ್ ಕಟ್ಟುನಿಟ್ಟು. ಬ್ರಿಟನ್ ಅದರ ಅಪ್ಪ. ದಾರಿಯಲ್ಲಿ ಇಳಿದು ಹತ್ತಬೇಕಾದ ದೇಶಗಳದ್ದು ಬೇರೆ ಬೇರೆ ತಗಾದೆ. ಒಂದು ಊರಿನ ಮೂಲಕ ಹೋದರೆ ಬರೀ ಪೆಟ್ಟಿಗೆ ವಿಮಾನ ಬದಲಾಯಿಸುವುದಕ್ಕೂ ಅಲ್ಲಿನ ಸರ್ಕಾರದ ಅಪ್ಪಣೆ ಬೇಕು. ಇನ್ನೊಂದು ಊರಿನವರು ವಿಮಾನ ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಊರನ್ನು ಕೇಳಿ ಎಂದರು. ಪದ್ಮಿನಿ ಎಲ್ಲರೊಂದಿಗೂ ದಾಗಿಸ್ ಮಕ್ಕಳಿಗೆ ಮಾತಾಡುವ ಧ್ವನಿಯಲ್ಲೇ ಮಾತಾಡಿದಳು, ಎಲ್ಲರೂ ಕೊನೆಗೆ ಕೈಗವಸು ಹಾಕಿಕೊಂಡರು. ಸ್ಕಾಟ್ಲೆಂಡಿನ ಪೊಲೀಸರಿಂದ ಆ ಒಂದೇ ವಾರಕ್ಕೆ ಪರವಾನಗಿ ಬಂತು. ಸ್ಟಾಕ್‌ಹೋಮಿನಿಂದ ಎಡಿನ್‌ಬರೋಗೆ ನೇರ ವಿಮಾನ ಸಿಕ್ಕಿತು. ರೈಫಲ್ಲಿಗೆ ಗಟ್ಟಿ ಪೆಟ್ಟಿಗೆ, ಎರಡು ಬೀಗ. ಗುಂಡು ಹಾರಿಸುವ ಭಾಗವಾದ ಬೋಲ್ಟನ್ನು ಕಳಚಿ ಬೇರೆ ಡಬ್ಬಿಯಲ್ಲಿಟ್ಟು ಅದಕ್ಕೂ ಬೀಗ. ಗುಂಡುಗಳನ್ನು ಅಲ್ಲೇ ಕೊಡುತ್ತಾರೆ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ದಾರಿಯುದ್ದಕ್ಕೂ ರೈಫಲ್ ಅವಳ ವಶದಲ್ಲೇ ಇರಬೇಕು.

ಲುಲೆಯೊ ವಿಮಾನ ನಿಲ್ದಾಣದಲ್ಲಿ ಯಾವ ಕಷ್ಟವೂ ಆಗಲಿಲ್ಲ. ಕೌಂಟರಿನ ಹುಡುಗ ಪೆಟ್ಟಿಗೆ ನೋಡಿ, ‘ಈ ವರ್ಷ ನಿಮ್ಮ ತಂಡಕ್ಕೆ ಎಷ್ಟಾಯ್ತು?’ ಎಂದು ವಿಚಾರಿಸಿ, ತನ್ನ ಮಾವನ ನಾಯಿಯ ಕತೆ ಹೇಳಿ, ಹಿಂದಿದ್ದವರು ಕೆಮ್ಮಿದ ಮೇಲೆ ಬಿಟ್ಟ. ವಿಮಾನದಲ್ಲಿ ಕೂತ ಪದ್ಮಿನಿಗೆ ಕಾಲು ನೆಲದ ಮೇಲಿರಲಿಲ್ಲ. ವಿಮಾನದಲ್ಲಿದ್ದುದರಿಂದ ಅದು ಹೇಗೂ ಇರಲಿಲ್ಲ ಎನ್ನಿ.

ತೊಂದರೆ ಇದ್ದದ್ದು ಸ್ಟಾಕ್‌ಹೋಮಿನಲ್ಲಿ. ಎಡಿನ್‌ಬರೋ ವಿಮಾನ ಮರುದಿನ ಮಧ್ಯಾಹ್ನ. ನಿಲ್ದಾಣದ ಹತ್ತಿರವೇ ಹೋಟೆಲಿನಲ್ಲಿ ತಂಗುವುದೆಂದು ಅವಳು ಗೊತ್ತುಮಾಡಿಕೊಂಡಿದ್ದಳು. ಆದರೆ ಸೋಮಶೇಖರ ಬಾಯಿ ಬಿಟ್ಟು ಮೀರಾಳಿಗೆ ಸುದ್ದಿ ಹೋಯಿತು. ‘ಹೋಟೆಲಾ? ನವರಾತ್ರಿಲಿ? ನಮ್ಮತ್ತೆ ಮೈಸೂರಿಂದ ಬಂದಿದಾರೆ, ನಾಳೆ ಸರಸ್ವತಿ ಪೂಜೆ ಇಟ್ಕೊಂಡಿದೀವಿ, ನೀವು ಬರ್ದಿದ್ರೆ ನಾನು ಮಾತೇ ಆಡಲ್ಲ’ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದಳು ಮೀರಾ. ಅವಳ ಗಂಡ ರಘುನಾಥ ಕಾರು ತಂದು ನಿಲ್ದಾಣದ ಬಾಗಿಲಲ್ಲೇ ನಿಂತಿದ್ದ. ಪದ್ಮಿನಿ ತಡೆಯುವ ಮೊದಲೇ ಉದ್ದನೆಯ ಪೆಟ್ಟಿಗೆಯ ಒಂದು ತುದಿ ಹಿಡಿದ.

‘ಕೀಬೋರ್ಡ್ ತಂದಿದೀರಾ. ಸೂಪರ್ ಪದ್ಮಕ್ಕ. ಎಷ್ಟು ಕೀ ಇದಕ್ಕೆ?’

‘ಎರಡೇ’ ಎಂದಳು ಪದ್ಮಿನಿ. ಬೀಗದ ಕೈಗಳು ಅವಳ ಪರ್ಸಿನಲ್ಲಿದ್ದವು. ರಘುನಾಥ ಜೋರಾಗಿ ನಕ್ಕ. ಸಂಗೀತಗಾರರಿಗೆ ಹಾಸ್ಯಪ್ರಜ್ಞೆ ಜಾಸ್ತಿ ಎಂದ.

ಕಿಸ್ಟಾದ ಆ ಫ್ಲ್ಯಾಟಿನಲ್ಲಿ ರಘುನಾಥನ ತಾಯಿ ವಿಶಾಲಾಕ್ಷಮ್ಮನದೇ ರಾಜ್ಯ. ಆರು ವಾರದ ಹಿಂದೆ ಬಂದವರು ಎಲ್ಲ ಪಾತ್ರೆಗಳ ಜಾಗ ಬದಲಾಯಿಸಿದ್ದರು. ಬಾಗಿಲಲ್ಲೇ ಪದ್ಮಿನಿಯ ಗಲ್ಲ ಹಿಡಿದು, ‘ನಿನ್ನ ಬಗ್ಗೆ ಎಷ್ಟು ಕೇಳಿದೀನಮ್ಮಾ. ಈ ವಯಸ್ಸಲ್ಲಿ ಹೊಸ ವಿದ್ಯೆ ಕಲಿಯೋದು ಅಂದ್ರೆ ಸಾಮಾನ್ಯವಾ. ಹೋಗು, ವಿಮಾನದ ಮೈಲಿಗೆ, ತಲೆ ಮೇಲೆ ನೀರು ಹಾಕ್ಕೊಂಡು ಬಾ. ನಿನಗೋಸ್ಕರವೇ ಪೂಜೆ ನಿಲ್ಲಿಸಿದೀನಿ’ ಎಂದರು. ಪದ್ಮಿನಿ ಬೋಲ್ಟಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಲಿಗೇ ಒಯ್ದಳು. ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಂದೆ ಮಾಡಿದಳು. ಎರಡು ಬೀಗ ಇದೆ, ಎರಡು ಚೆಂಬು ನೀರು, ಎಷ್ಟು ಹೊತ್ತು ಎಂದುಕೊಂಡಳು.

ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದರೆ ಕೋಣೆಯಲ್ಲಿ ಪೆಟ್ಟಿಗೆಯಿಲ್ಲ. ಹಜಾರದಿಂದ ಗಂಟೆಯ ಸದ್ದು. ಹೋಗಿ ನೋಡಿದಳು. ಮಣೆಯ ಮೇಲೆ ಪೆಟ್ಟಿಗೆಯನ್ನು ಅಡ್ಡಲಾಗಿ ಮಲಗಿಸಿ, ಅದರ ಮೇಲೆ ಹಸಿರು ರೇಷ್ಮೆಯ ಕುಪ್ಪಸದ ಕಣ ಹಾಸಿ, ಅದರ ಮೇಲೆ ಮಕ್ಕಳ ಪುಸ್ತಕ, ರಘುನಾಥನ ಆಫೀಸಿನ ಲ್ಯಾಪ್‌ಟಾಪ್, ಎಲ್ಲಕ್ಕೂ ಮೇಲೆ ಬೆಳ್ಳಿಯ ಸರಸ್ವತಿಯನ್ನು ಕೂರಿಸಿದ್ದರು. ಪೆಟ್ಟಿಗೆಯ ಬದಿಗೆ ಅರಿಶಿನ ಕುಂಕುಮ, ಕೊರಳಿಗೆ ಎಂಬಂತೆ ಸೇವಂತಿಗೆ ಹಾರ. ಬೇಟೆ ತಂಡದವರು ಅಂಟಿಸಿದ್ದ ಮೂಸ್ ಚಿತ್ರಕ್ಕೂ ಒಂದು ಬೊಟ್ಟು. ‘ಎಷ್ಟು ಕ್ಯೂಟಾಗಿದೆ, ದಾಗಿಸ್ ಮಕ್ಕಳು ಅಂಟಿಸಿದ್ದಾ?’ ಎಂದಳು ಮೀರಾ.

‘ಬಾಮ್ಮಾ, ಬಾ. ಆವಾಹನೆ ಆಯ್ತು’ ಎಂದರು ವಿಶಾಲಾಕ್ಷಮ್ಮ. ‘ಇನ್ನು ವಿಜಯದಶಮಿವರೆಗೂ ಯಾರೂ ಮುಟ್ಟೋ ಹಾಗಿಲ್ಲ.’

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಸರಸ್ವತಿಯ ಮುಂದೆ ಪುಸ್ತಕ, ವಾದ್ಯ ಇಟ್ಟು ದೇವಿಯನ್ನು ಕರೆದ ಮೇಲೆ, ವಿಸರ್ಜನೆ ಆಗುವವರೆಗೂ ಅವನ್ನು ಓದುವಂತಿಲ್ಲ, ನುಡಿಸುವಂತಿಲ್ಲ, ಕದಲಿಸುವಂತಿಲ್ಲ. ಶಾಲೆಯ ಮಕ್ಕಳಿಗೆಲ್ಲ ಇದು ವರ್ಷದ ಅತಿ ಪ್ರಿಯವಾದ ಶಾಸ್ತ್ರ. ವಿಜಯದಶಮಿಗೆ ಇನ್ನೂ ಮೂರು ದಿನವಿತ್ತು; ಪದ್ಮಿನಿಯ ವಿಮಾನ ನಾಳೆ ಮಧ್ಯಾಹ್ನ. ಕದಲಿಸಬಾರದೆಂಬುದು ಶಾಸ್ತ್ರ, ಬಿಟ್ಟುಹೋಗಬಾರದೆಂಬುದು ಕಾನೂನು. ಅತ್ತ ದರಿ, ಇತ್ತ ಪುಲಿ, ನಡುವೆ ಬೆಟ್ಟದ ಮೇಲೆ ಕುರ್ಚಿ ಹಾಕಿಕೊಂಡು ಕಾಯುವ ಸಿಕ್ಸ್ಟೆನ್. ಬಿಟ್ಟುಹೋದರೆ ಅವನು ಕಾಣಲಾರ. ತೆಗೆದರೆ, ಇಷ್ಟು ಮಡಿಯಿಂದ ಮಾಡಿದ ಪೂಜೆಯಲ್ಲಿ ಕೂತದ್ದು ಕೊಲ್ಲುವ ಬಂದೂಕು ಎಂದು ಈ ಹೆಂಗಸಿಗೆ ಹೇಳಬೇಕು. ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸಾಯಂಕಾಲವೆಲ್ಲ ಪೆಟ್ಟಿಗೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಎಷ್ಟು ಭಕ್ತಿ ನೋಡಿ ಎಂದರು ಬಂದವರೆಲ್ಲ.

ಬಂದವರು ಬಹಳ ಜನ. ಅರಿಶಿನ ಕುಂಕುಮ, ಕಡಲೆಕಾಳಿನ ಉಸ್ಲಿ, ಕೇಸರಿಬಾತು. ಅದೆಲ್ಲ ಮುಗಿದ ಮೇಲೆ ಶುರುವಾಯಿತು: ಪದ್ಮಿನಿ ಅವರು ಏನಾದರೂ ನುಡಿಸಬೇಕು. ಒಂದು ದೇವರನಾಮ ಸಾಕು. ಬೇಡ, ಕಲ್ಯಾಣಿಯೇ ಆಗಲಿ. ಒಬ್ಬರು ಆಗಲೇ ತಾಳ ಹಾಕಲು ತೊಡೆ ಸರಿಮಾಡಿಕೊಂಡರು. ಪದ್ಮಿನಿ ಎರಡು ಕೈಯಲ್ಲೂ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು. ಆಗ ವಿಶಾಲಾಕ್ಷಮ್ಮ ಎದ್ದು ನಿಂತರು. ‘ಯಾರ್ರೀ ಅದು? ಇಟ್ಟ ವಾದ್ಯ ನುಡಿಸ್ತಾರಾ? ಇಷ್ಟು ಓದಿದೀರಿ, ಇಷ್ಟು ಗೊತ್ತಿಲ್ವಾ?’ ಎಲ್ಲರೂ ಉಸ್ಲಿಯ ಬಟ್ಟಲಿಗೆ ಮುಖ ಹಾಕಿದರು. ಅವಳನ್ನು ಸಿಕ್ಕಿಸಿದ ಶಾಸ್ತ್ರವೇ ಅವಳನ್ನು ಕಾಪಾಡಿತ್ತು. ಪದ್ಮಿನಿ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು. ಆನಂದಬಾಷ್ಪ ಎಂದುಕೊಂಡರು ಪಕ್ಕದವರು. ರಾತ್ರಿ ದೀಪ ಕಾಯುತ್ತೇನೆ ಎಂದು ಹೇಳಿ ಹಜಾರದಲ್ಲೇ ಚಾಪೆ ಹಾಸಿಕೊಂಡಳು. ವಿಶಾಲಾಕ್ಷಮ್ಮನೂ ಜೊತೆಗೆ ಕೂತರು. ಹೀಗೆ ಸ್ವೀಡನ್ನಿನ ಕಾನೂನು ಒಂದಿಷ್ಟೂ ಮುರಿಯಲಿಲ್ಲ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಪದ್ಮಿನಿ ಧೈರ್ಯ ಮಾಡಿದಳು. ಪೂರ್ತಿ ಅಲ್ಲ, ಅರ್ಧ.

‘ಅಮ್ಮ, ಇದನ್ನ ಇವತ್ತು ತಗೊಂಡು ಹೋಗ್ಲೇಬೇಕು.’

‘ಹೇಗಮ್ಮಾ ಆಗುತ್ತೆ? ದೇವಿ ಕೂತಿದಾಳೆ.’

‘ನನಗೆ ಇದನ್ನ ಕಲಿಸಿದೋರು ಅಲ್ಲಿದಾರೆ. ಎಂಬತ್ತು ವರ್ಷ. ಕಣ್ಣು ಹೋಗ್ತಾ ಇದೆ. ಪೂರ್ತಿ ಹೋಗೋದ್ರೊಳಗೆ ಒಂದ್ಸಲ ನೋಡ್ಬೇಕು ಅಂದಿದಾರೆ.’

ವಿಶಾಲಾಕ್ಷಮ್ಮ ಲೋಟ ಕೆಳಗಿಟ್ಟರು. ‘ಗುರುಗಳಾ?’

‘ಹೌದು.’

‘ವಿದ್ಯೆ ಒಪ್ಪಿಸೋಕೆ ಹೋಗ್ತಿದೀಯಾ. ನಿನ್ನೆನೇ ಹೇಳ್ಬಾರದಾಗಿತ್ತಾ ಪೆದ್ದು.’ ಅವರ ಕಣ್ಣು ತುಂಬಿತ್ತು. ಪದ್ಮಿನಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಆದರೂ ಇಷ್ಟು ದೊಡ್ಡ ಸುಳ್ಳನ್ನು ಅವಳು ಯಾವತ್ತೂ ಹೇಳಿರಲಿಲ್ಲ. ವಿಶಾಲಾಕ್ಷಮ್ಮ ತೀರ್ಪು ಕೊಟ್ಟರು. ಗುರುವಿನ ಕೆಲಸಕ್ಕೆ ಎತ್ತಬಹುದು. ಆದರೆ ಮನೆಯಲ್ಲಿ ವಿಸರ್ಜನೆ ಬೇಡ, ಉಳಿದ ಪುಸ್ತಕಗಳು ಇಲ್ಲೇ ಇವೆ. ಈ ಒಂದರಲ್ಲಿರುವ ದೇವಿ ಇದರ ಜೊತೆಯಲ್ಲೇ ಬರಲಿ. ನಮ್ಮ ಕೈಯಿಂದ ಅದು ಎಲ್ಲಿ ಬಿಡುತ್ತದೋ ಅಲ್ಲೇ ಅವಳನ್ನು ಕಳಿಸಿಕೊಟ್ಟರಾಯಿತು. ‘ನಾನೂ ಏರ್‌ಪೋರ್ಟಿಗೆ ಬರ್ತೀನಿ. ಕಳಿಸಿಕೊಡೋವರೆಗೂ ನಾನು ಏನೂ ತಿನ್ನಲ್ಲ.’

ಹೀಗೆ ಒಂದು ಮೆರವಣಿಗೆ ಹೊರಟಿತು. ಮುಂದೆ ರಘುನಾಥ, ಅವನ ಪಕ್ಕ ಆರತಿ ತಟ್ಟೆ ಹಿಡಿದ ಮೀರಾ, ಹಿಂದಿನ ಸೀಟಿನಲ್ಲಿ ವಿಶಾಲಾಕ್ಷಮ್ಮ ಮತ್ತು ಪ್ರಯಾಣದ ಸಲ್ವಾರಿನಲ್ಲಿ ಪದ್ಮಿನಿ, ಇಬ್ಬರ ತೊಡೆಯ ಮೇಲೂ ಅಡ್ಡಲಾಗಿ ಪೆಟ್ಟಿಗೆ. ರೇಷ್ಮೆಯ ಕಣವೂ ಹಾರವೂ ಹಾಗೇ ಇದ್ದವು. ‘ಇಲ್ಲೇ ಬಾಗಿಲಲ್ಲೇ ಬಿಡಿ, ಪಾರ್ಕಿಂಗ್ ಬಹಳ ದುಬಾರಿ’ ಎಂದು ಪದ್ಮಿನಿ ಹೇಳಿನೋಡಿದಳು. ‘ದೇವರ ಕೆಲಸಕ್ಕೆ ಪಾರ್ಕಿಂಗ್ ನೋಡ್ತಾರಾ’ ಎಂದರು ವಿಶಾಲಾಕ್ಷಮ್ಮ. ‘ಒಳಗೆ ಬಿಡಲ್ಲಮ್ಮ’ ಎಂದಳು. ಬಿಟ್ಟರು. ವಿಶೇಷ ಸಾಮಾನಿನ ಕೌಂಟರ್ ಒಳಬಾಗಿಲಿಗಿಂತ ಹೊರಗೇ ಇತ್ತು. ಅಲ್ಲಿಗೆ ಯಾರು ಬೇಕಾದರೂ ಬರಬಹುದಿತ್ತು. ಹಿಮದ ಮೇಲೆ ಜಾರುವ ಹಲಗೆ, ಮಗುವಿನ ಗಾಡಿ, ಒಂದು ಗಿಟಾರು ಹಿಡಿದವರ ಹಿಂದೆ ಇವರೂ ಸಾಲಿನಲ್ಲಿ ನಿಂತರು.

ಕೌಂಟರಿನಲ್ಲಿದ್ದವಳು ಎತ್ತರದ, ಬಿಳಿಗೂದಲಿನ ಹೆಂಗಸು. ಕಾಗದಗಳನ್ನು ನೋಡಿದಳು, ಹಾರ ನೋಡಿದಳು, ಆರತಿ ತಟ್ಟೆ ನೋಡಿದಳು, ಹಿಡಿ ಅಕ್ಷತೆ ಹಿಡಿದು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದ ಮುದುಕಿಯನ್ನು ನೋಡಿದಳು. ಆಮೇಲೆ ಪದ್ಮಿನಿಯ ಮುಖ ನೋಡಿದಳು. ಅನುಭವಸ್ಥೆ, ಅವಳಿಗೆ ಏನೋ ಹೊಳೆಯಿತು. ಧ್ವನಿ ತಗ್ಗಿಸಿ ಸ್ವೀಡಿಷ್‌ನಲ್ಲಿ ಕೇಳಿದಳು. ‘ಪೆಟ್ಟಿಗೆ ತೆಗೆದು ನಂಬರ್ ನೋಡ್ಬೇಕು. ನಿಮಗೆ ಬೇಕಿದ್ರೆ ಒಳಗಿನ ರೂಮಿಗೆ ಹೋಗೋಣ. ಇವರಿಗೆ ಕಾಣಲ್ಲ.’

ರಘುನಾಥನ ಸ್ವೀಡಿಷ್ ಕಾಫಿ ಕೇಳುವಲ್ಲಿಗೇ ನಿಂತಿತ್ತು, ಮೀರಾಳದೂ ಅಷ್ಟಕ್ಕಷ್ಟೇ. ಯಾರಿಗೂ ಅರ್ಥವಾಗಲಿಲ್ಲ. ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ಪದ್ಮಿನಿ ಒಂದು ಹೆಜ್ಜೆ ಇಟ್ಟೂಬಿಟ್ಟಳು. ಆಮೇಲೆ ವಿಶಾಲಾಕ್ಷಮ್ಮನ ಮುಷ್ಟಿ ಕಣ್ಣಿಗೆ ಬಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಆದರೂ ಆ ಮುಷ್ಟಿಯಿಂದ ಒಂದು ಕಾಳು ಅಕ್ಕಿಯೂ ಕೆಳಗೆ ಬಿದ್ದಿರಲಿಲ್ಲ. ಈಕೆ ಯಾವುದಕ್ಕೆ ಕೈ ಮುಗಿಯುತ್ತಿದ್ದಾಳೆ ಎಂದು ಈಕೆಗೇ ಗೊತ್ತಿಲ್ಲ. ಪದ್ಮಿನಿಗೆ ತನ್ನ ಮೇಲೇ ಸಿಟ್ಟು ಬಂತು. ಜನ್ಮದಲ್ಲಿ ತಾನು ಕಲಿತ ಅತಿ ಒಳ್ಳೆಯ ವಿದ್ಯೆ, ಅದನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ತಿರುಗಿದೆನಲ್ಲ ಎನ್ನಿಸಿತು.

‘ಬೇಡ’ ಎಂದಳು. ‘ಇಲ್ಲೇ ತೆಗೀತೀನಿ.’

ಹಾರವನ್ನೂ ಕಣವನ್ನೂ ತೆಗೆದು ಮೀರಾಳ ತಟ್ಟೆಗಿಟ್ಟಳು. ಎರಡು ಬೀಗ ತೆಗೆದಳು. ಮುಚ್ಚಳ ಎತ್ತಿದಳು. ಸಿಕ್ಸ್ಟೆನ್‌ನ ಕೈ ಸವೆಸಿ ನುಣುಪಾಗಿಸಿದ ಅಕ್ರೋಟು ಮರದ ಹಿಡಿ, ಎಣ್ಣೆ ಹಚ್ಚಿದ ಕಪ್ಪು ನಳಿಗೆ. ರಘುನಾಥ ‘ಎರಡೇ ಕೀ’ ಎಂದು ತನ್ನಷ್ಟಕ್ಕೇ ಹೇಳಿಕೊಂಡು ಸಾಮಾನಿನ ಗಾಡಿಯ ಮೇಲೆ ಕುಳಿತ. ಮೀರಾಳ ತಟ್ಟೆಯಲ್ಲಿದ್ದ ಗಂಟೆ ತಾನಾಗಿಯೇ ಕಿಣಿಕಿಣಿ ಎನ್ನತೊಡಗಿತು. ವಿಶಾಲಾಕ್ಷಮ್ಮ ಕಣ್ಣು ತೆರೆದರು.

‘ಏನಮ್ಮಾ ಇದು?’

ಹದಿನೈದು ವರ್ಷ ಬೆಂಗಳೂರಿನವರ ಜೊತೆ ಬೆಂಗಳೂರಿನವರ ಹಾಗೇ ಮಾತಾಡಿದ ಪದ್ಮಿನಿಯ ನಾಲಗೆ ಆ ಹೊತ್ತಿಗೆ ಸೀದಾ ರಾಣೆಬೆನ್ನೂರಿಗೆ ಹೋಯಿತು. ‘ಬಂದೂಕ್ರೀ ಅಮ್ಮಾರ. ಬೇಟಿ ಆಡೋ ಬಂದೂಕು. ನಾಕು ವರ್ಷದಿಂದ ನಾ ಕಲ್ತದ್ದು ಇದನ್ನ. ಕೀಬೋರ್ಡು ನನಗ ಬರಂಗಿಲ್ಲ.’

‘ಜೀವ ತೆಗೆದಿದೀಯಾ?’

‘ಒಂದು.’

‘ತಿಂದೆಯಾ?’

‘ಇಲ್ರೀ. ಮಂದಿಗೆ ಹಂಚೀನಿ. ನಾ ತಿನ್ನಂಗಿಲ್ಲ.’

‘ಗುರು ಅಂದ್ಯಲ್ಲ?’

‘ಅದು ಖರೇನ. ಕಣ್ಣು ಹೋಗೂದೂ ಖರೇನ.’

ವಿಶಾಲಾಕ್ಷಮ್ಮ ಬಗ್ಗಿ ರೈಫಲನ್ನು ನೋಡಿದರು. ‘ನಾನು ಇದಕ್ಕೆ ಕೇಸರಿಬಾತ್ ನೈವೇದ್ಯ ಮಾಡಿದೀನಿ’ ಎಂದರು. ‘ತುಪ್ಪ ಮುಂದು ಮಾಡ್ಕೊಂಡು. ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದೆ. ನೀನೂ ಕೂತಿದ್ದೆ. ಆಗ ಹೇಳೋಕೆ ಏನಾಗಿತ್ತು ನಿನಗೆ?’

‘ತಪ್ಪಾತ್ರೀ.’

‘ತಪ್ಪೇ.’ ಅವರು ಅದನ್ನು ಹಗುರ ಮಾಡಲಿಲ್ಲ. ಕೌಂಟರಿನವಳು ನಂಬರ್ ಓದಿ, ಕಾಗದಕ್ಕೆ ತಾಳೆ ನೋಡಿ, ನಳಿಗೆ ಖಾಲಿ ಇದೆಯೆಂದು ಬೆಳಕು ಬಿಟ್ಟು ಪರೀಕ್ಷಿಸಿ, ಇನ್ನು ಮುಚ್ಚಬಹುದೇ ಎಂದು ಕಣ್ಣಲ್ಲೇ ಕೇಳಿದಳು. ‘ತಾಳು ಅನ್ನು ಅವಳಿಗೆ’ ಎಂದರು ವಿಶಾಲಾಕ್ಷಮ್ಮ. ‘ಈ ವಿದ್ಯೆ ನನಗೆ ಅರ್ಥ ಆಗಲ್ಲ. ನನಗೆ ಬೇಡವೂ ಬೇಡ. ಆದ್ರೆ ಕರೆದೋಳು ನಾನು, ಬಂದೋಳು ದೇವಿ. ಮರ್ಯಾದೆಯಿಂದ ಕಳಿಸಿಕೊಡಬೇಕಾದ್ದೂ ನಾನೇ. ಉತ್ತರ ಯಾವ ಕಡೆ?’

ವಿಸರ್ಜನೆಯಲ್ಲಿ, ಕೂರಿಸಿದ್ದನ್ನು ಒಂದಿಷ್ಟು ಉತ್ತರಕ್ಕೆ ಕದಲಿಸಬೇಕು. ರಘುನಾಥನ ಪ್ರಕಾರ ಉತ್ತರ ಎಸ್ಕಲೇಟರಿನ ಕಡೆ. ಮೀರಾ ಅದು ಪೂರ್ವ ಎಂದು ಹಟ ಹಿಡಿದಳು. ಪದ್ಮಿನಿ ಕೌಂಟರಿನವಳನ್ನು ಸ್ವೀಡಿಷ್‌ನಲ್ಲಿ ಕೇಳಿದಳು. ಆಕೆ ಯಾಕೆ ಎಂದು ಕೇಳಲಿಲ್ಲ. ಗಂಭೀರವಾಗಿ ಫೋನಿನಲ್ಲಿ ದಿಕ್ಸೂಚಿ ತೆಗೆದು, ಗಿಟಾರ್ ಇಟ್ಟಿದ್ದ ಮೂಲೆಯ ಕಡೆ ಕೈ ತೋರಿಸಿದಳು. ಅಷ್ಟೇ ಅಲ್ಲ, ಪೆಟ್ಟಿಗೆಯ ಆ ತುದಿಯನ್ನು ತಾನೇ ಹಿಡಿದಳು. ಈ ತುದಿ ಪದ್ಮಿನಿ ಹಿಡಿದಳು. ವಿಶಾಲಾಕ್ಷಮ್ಮನ ಮಂತ್ರಕ್ಕೆ ಸರಿಯಾಗಿ ಇಬ್ಬರೂ ರೈಫಲನ್ನು ನಾಲ್ಕು ಬೆರಳಿನಷ್ಟು ಉತ್ತರಕ್ಕೆ ಜರುಗಿಸಿದರು. ಅಕ್ಷತೆ ಬಿತ್ತು. ಹಲಗೆ ಹಿಡಿದು ನಿಂತಿದ್ದ ಒಬ್ಬ ಹುಡುಗಿ ಚಪ್ಪಾಳೆ ತಟ್ಟಿದಳು. ‘ಅಕ್ಕಿ’ ಎಂದು ಪದ್ಮಿನಿ ಕೌಂಟರಿನವಳಿಗೆ ವಿವರಿಸಿದಳು, ‘ಗುಂಡಲ್ಲ.’ ಹೇಳುತ್ತ ಹೇಳುತ್ತ ನಗು ಉಕ್ಕಿಬಂತು, ನಿಲ್ಲಿಸಲು ಆಗಲಿಲ್ಲ. ಮೀರಾಳಿಗೂ ತಗುಲಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣೀರು ಬರುವವರೆಗೆ ನಕ್ಕರು.

ಆ ಅಕ್ಷತೆಯಲ್ಲಿ ನಾಲ್ಕಾರು ಕಾಳು ಎಡಿನ್‌ಬರೋ ಮುಟ್ಟಿದವು. ಅಲ್ಲಿನ ಕಸ್ಟಮ್ಸ್‌ನವನು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಯಾವ ಕಾನೂನಿನಲ್ಲೂ ಇದು ಸೇರುವುದಿಲ್ಲವೆಂದು ವಾಪಸು ಇಟ್ಟ. ಎರಡು ದಿನದ ಮೇಲೆ ಬೆಟ್ಟದಲ್ಲಿ ಸಿಕ್ಸ್ಟೆನ್ ತನ್ನ ಹಳೆಯ ಹಿಡಿಯನ್ನು ಕೈಯಿಂದ ತಡವುವಾಗ ಇನ್ನೊಂದು ಅವನ ಬೆರಳಿಗೆ ಸಿಕ್ಕಿತು. ಆದರೆ ಅದು ಆಮೇಲಿನ ಮಾತು. ಪದ್ಮಿನಿ ಇನ್ನೂ ಕೌಂಟರಿನ ಮುಂದೆಯೇ ಇದ್ದಳು. ಪೆಟ್ಟಿಗೆ ಬೀಗ ಹಾಕಿಸಿಕೊಂಡು ಒಳಗೆ ಹೋಗಿತ್ತು. ನಗು ನಿಂತಿತ್ತು. ವಿಶಾಲಾಕ್ಷಮ್ಮ ಮಾತ್ರ ಒಮ್ಮೆಯೂ ನಕ್ಕಿರಲಿಲ್ಲ. ಅವರ ಕಾಲು ಮುಟ್ಟಲು ಪದ್ಮಿನಿ ಬಗ್ಗಿದಳು; ಕಾಲು ಹಿಂದೆ ಸರಿದರೆ ಏನು ಮಾಡುವುದು ಎಂದು ಬಗ್ಗುವಾಗಲೇ ಹೆದರಿದಳು. ಕಾಲು ಸರಿಯಲಿಲ್ಲ.

‘ವಾಪಸ್ ಯಾವತ್ತು?’ ಎಂದರು ವಿಶಾಲಾಕ್ಷಮ್ಮ.

‘ಬರೂ ರವಿವಾರ.’

‘ಮನೆಗೆ ಬಾ. ಬಿಸಿ ಅಡುಗೆ ಮಾಡಿರ್ತೀನಿ. ಅದನ್ನ ಮಾತ್ರ ಎಲ್ಲಾದ್ರೂ ಬಿಟ್ಟು ಬಾ.’

‘ಎಲ್ಲೂ ಬಿಡಾಕ ಬರಂಗಿಲ್ರೀ ಅಮ್ಮಾರ. ಕಾನೂನು ಐತಿ. ನಾ ಎಲ್ಲಿರ್ತೀನೋ ಅದೂ ಅಲ್ಲೇ ಇರಬೇಕು.’

ವಿಶಾಲಾಕ್ಷಮ್ಮ ಸೆರಗಿನಿಂದ ಅಂಗೈಯ ಅರಿಶಿನ ಒರೆಸಿಕೊಂಡರು. ನಿಧಾನವಾಗಿ, ಒಂದೊಂದೇ ಬೆರಳು.

‘ಹಾಗಾದ್ರೆ ಇಬ್ರೂ ಬನ್ನಿ’ ಎಂದರು.